ಬಟ್ಟಲ ತಳದ ನೀರು

ಸೂಜಿಯ ಮೊನೆಯೂ ಹಿಡಿಸದ ತೂತು, ಆದರೂ ಬೆಳಕು ಬರುತ್ತಿದೆ, ಕಿಟಕಿಗೆ ಎದುರಾಗಿ ಹಿಡಿದರೆ ಹಿತ್ತಾಳೆಯ ನಡುವೆ ಒಂದು ಬಿಳಿ ಚುಕ್ಕೆ, ಇದು ಜೆಟ್, ಕಾರ್ಬುರೇಟರಿನ ಹೊಟ್ಟೆಯೊಳಗಿನ ಉಗುರಿನಷ್ಟು ವಸ್ತು, ಎಂಜಿನ್ನಿಗೆ ಪೆಟ್ರೋಲು ಇದರೊಳಗಿಂದಲೇ ನುಸುಳಬೇಕು, ನುಸುಳುತ್ತದೆ, ಇಲ್ಲೇನೂ ಕಟ್ಟಿಕೊಂಡಿಲ್ಲ — ಹಾಗಾದರೆ ಈ ಹಿಮದ ಮೇಲೋಡುವ ಗಾಡಿ ಯಾಕೆ ನಿಲ್ಲುತ್ತದೆ, ಮೇಜಿನ ಮೇಲೆ, ಬೇಟೆಯಾಡಿ ತಂದ ಸೀಲುಪ್ರಾಣಿಯನ್ನು ಕೊಯ್ಯುವಾಗ ನೆಲಕ್ಕೆ ಹಾಸುವ ರಟ್ಟನ್ನೇ ಹಾಸಿದ್ದೇನೆ, ಒಂದು ಮೂಲೆಯಲ್ಲಿ ಹಳೆಯ ರಕ್ತದ ಕಂದು, ಅದರ ಪಕ್ಕ ಪೆಟ್ರೋಲಿನಲ್ಲಿ ತೇಲುವ ಫ್ಲೋಟು, ಸೂಜಿ, ಸ್ಪ್ರಿಂಗು, ಸ್ಕ್ರೂಗಳು, ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ, ಕೈಗೆಲ್ಲ ಪೆಟ್ರೋಲಿನ ವಾಸನೆ, ಬೆಳಿಗ್ಗೆ ತಿಂದ ರೊಟ್ಟಿಗೂ ಅದೇ ವಾಸನೆ. ಅಮ್ಮ ಒಲೆಯ ಹತ್ತಿರ ಥರ್ಮಾಸಿಗೆ ಚಹಾ ತುಂಬುತ್ತಿದ್ದಾಳೆ, ಇವತ್ತು ಬೇಟೆಗೆ ಅಂಚಿಗೆ ಹೋಗುತ್ತಾಳಂತೆ, ಒಬ್ಬಳೇ, ಹೆಪ್ಪುಗಟ್ಟಿದ ಕಡಲು ಮುಗಿದು ಕಪ್ಪು ನೀರು ಶುರುವಾಗುವ ಆ ಗೆರೆಗೆ, ಸೀಲು ಉಸಿರಿಗೆ ತಲೆ ಎತ್ತುವುದು ಅಲ್ಲಿ, ಗಾಳಿ ನೆಲದ ಕಡೆಯಿಂದ ಬೀಸತೊಡಗಿದರೆ ಅಂಚು ಸದ್ದಿಲ್ಲದೆ ಕಳಚಿಕೊಂಡು ಮೇಲಿದ್ದವರನ್ನು ಹೊತ್ತು ತೇಲಿಹೋಗುವುದೂ ಅಲ್ಲಿಯೇ, ಆಗ ಗಾಡಿ ಒಂದೇ ಎಳೆತಕ್ಕೆ ಏಳಬೇಕು, ಓಡಬೇಕು, ನಡುವೆ ನಿಲ್ಲಬಾರದು. ಈ ಗಾಡಿ ನಿಲ್ಲುತ್ತದೆ. ಮನೆಯ ಮುಂದೆ ಚೆನ್ನಾಗಿ ಗುಡುಗುತ್ತದೆ, ಕೊಲ್ಲಿ ಅರ್ಧ ದಾಟಿದ ಮೇಲೆ ಕೆಮ್ಮುತ್ತದೆ, ನಿಲ್ಲುತ್ತದೆ, ಎಂಜಿನ್ನಿನ ಬಿಸಿ ಅಷ್ಟಷ್ಟಾಗಿ ಕಾರ್ಬುರೇಟರಿಗೆ ಹರಿಯುವಷ್ಟು ಹೊತ್ತು ಸುಮ್ಮನೆ ಕೂತರೆ ಮತ್ತೆ ಏಳುತ್ತದೆ, ಹೋದ ವಾರ ಹೀಗೆಯೇ ಆಯಿತು, ಅಮ್ಮ ಬಯಲಲ್ಲೇ ಸ್ಟವ್ ಹಚ್ಚಿ ಚಹಾ ಕುಡಿದು ಬಂದಳಂತೆ, ನಕ್ಕಳು, ಗಾಡಿಗೂ ಒಂದು ಲೋಟ ಕೊಡ್ಬೇಕಿತ್ತು ಅಂದಳು, ನಾನು ನಗಲಿಲ್ಲ.

ಕಸ ಕೂತಿದೆ ಅಷ್ಟೇ, ಬಿಚ್ಚಿ ತೊಳಿ, ಎಂದದ್ದು ಸಿಯಾಕುಲುಕ್, ಅಮ್ಮನ ತಮ್ಮ, ನಿನ್ನೆ ಬಾಗಿಲಲ್ಲೇ ನಿಂತು, ವಿಮಾನ ಇಳಿಯುವ ಹೊತ್ತಾಯಿತು ಸಾಮಾನು ಇಳಿಸೋಕೆ ಹೋಗ್ಬೇಕು ಎನ್ನುತ್ತ — ಏನಪ್ಪಾ ಮುದುಕ, ಕೈ ಮರ್ತ್‌ಹೋಯ್ತಾ, ನನಗೆ ಕಾರ್ಬುರೇಟರ್ ಬಿಚ್ಚೋದು ಕಲಿಸಿದವನು ನೀನೇ ಅಲ್ವಾ. ಅವನಿಗೆ ಕಲಿಸಿದವನು ತಾತ, ಅಮ್ಮನ ಅಪ್ಪ. ಆದರೆ ತಾತನ ಹೆಸರು ನುತರಾಕ್, ನನ್ನ ಹೆಸರೂ ನುತರಾಕ್, ನಾನು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಅವನು ತೀರಿಕೊಂಡ, ಹುಟ್ಟಿದ್ದು ಹೆಣ್ಣಾದರೂ ಹೆಸರು ನನಗೆ ಬಂತು, ನಮ್ಮಲ್ಲಿ ಹೆಸರು ಬಂದರೆ ಆ ಮನುಷ್ಯನೂ ಬಂದಂತೆ, ಹಾಗಾಗಿ ತೊಟ್ಟಿಲಲ್ಲಿದ್ದಾಗಿನಿಂದ ಅಮ್ಮನೂ ಸಿಯಾಕುಲುಕನೂ ನನ್ನನ್ನು ಕರೆಯುವುದು ಅಪ್ಪಾ ಎಂದೇ, ಅಪ್ಪಾ ಮೂಗು ಒರೆಸ್ಕೋ, ಅಪ್ಪಾ ಸ್ಕೂಲಿಗೆ ಹೊತ್ತಾಯ್ತು. ನನ್ನ ಅಪ್ಪನಿಗೆ ನಾನು ಮಾವ. ಮಾವಾ, ಸ್ವಲ್ಪ ಆ ಸ್ಕ್ರೂ ಹಿಡ್ಕೊಳ್ಳಿ, ಎನ್ನುತ್ತಿದ್ದ, ಇದೇ ಮೇಜು, ಇದೇ ಗಾಡಿ, ನಾನು ಕುರ್ಚಿಯ ಮೇಲೆ ಮಂಡಿಯೂರಿ, ಅವನ ದೊಡ್ಡ ಬೆರಳುಗಳು ಸಣ್ಣ ಸ್ಪ್ರಿಂಗನ್ನು ಹಕ್ಕಿಯ ಮೊಟ್ಟೆಯ ಹಾಗೆ ಎತ್ತುತ್ತಿದ್ದವು, ಒಮ್ಮೆ ಫ್ಲೋಟಿನ ಪಿನ್ನು ನನ್ನ ಕೈಜಾರಿ ಬಿದ್ದು ಮನೆಯೆಲ್ಲ ಹುಡುಕಿದ್ದಾಯಿತು, ಅಮ್ಮ ಗದರು ಎಂದಳು, ಹೆಣ್ಣು ಕೊಟ್ಟ ಮಾವನಿಗೆ ನಾನು ಬಾಯಿಮಾಡ್ಲಾ, ನೀನೇ ಬೇಕಾದ್ರೆ ನಿಮ್ಮಪ್ಪನ್ನ ಬೈಕೋ, ಎಂದ, ಅಮ್ಮನೂ ಬೈಯಲಿಲ್ಲ, ಅಪ್ಪನನ್ನು ಯಾರು ಬೈಯುತ್ತಾರೆ. ಪಿನ್ನು ಅವನ ಕಾಲುಚೀಲದಲ್ಲೇ ಸಿಕ್ಕಿತು. ಎರಡು ಚಳಿಗಾಲದ ಹಿಂದೆ ಅಪ್ಪ, ದೂರದ ದಕ್ಷಿಣದ ನಗರದ ಆಸ್ಪತ್ರೆಗೆ ಹೋದವನು, ಹೆಣದ ಪೆಟ್ಟಿಗೆಯಲ್ಲಿ ಬಂದ, ನಾನು ಅದೇ ದಕ್ಷಿಣದಲ್ಲಿ ಬೇರೊಂದು ನಗರದಲ್ಲಿ ಪರೀಕ್ಷೆ ಬರೆಯುತ್ತಿದ್ದೆ, ಪ್ರಶ್ನೆಪತ್ರಿಕೆಯ ಬಣ್ಣ ನೆನಪಿದೆ, ತಿಳಿಹಸಿರು, ಪ್ರಶ್ನೆಗಳು ನೆನಪಿಲ್ಲ.

ಅಮ್ಮ ನನ್ನನ್ನು ಅಪ್ಪಾ ಎಂದರೆ ನಾನು ಅವಳನ್ನು ಮಗಳೇ ಎನ್ನಬೇಕು. ಚಿಕ್ಕಂದಿನಲ್ಲಿ ಎನ್ನುತ್ತಿದ್ದೆ, ಮಗಳೇ ಹಸಿವು, ಮಗಳೇ ಎತ್ಕೋ, ಅವಳ ಮುಖ ಆಗ ಹೇಗಾಗುತ್ತಿತ್ತೆಂದರೆ ಅಂಗಿಯ ಗುಂಡಿ ಹಾಕಿಸಿಕೊಳ್ಳಲು ನಿಂತ ಹುಡುಗಿಯ ಹಾಗೆ. ದಕ್ಷಿಣದ ಹಾಸ್ಟೆಲಿನಲ್ಲಿ ಒಂದು ದಿನ ಫೋನಿನಲ್ಲಿ ಮಗಳೇ ಎಂದದ್ದು ಪಕ್ಕದ ಮಂಚದವಳಿಗೆ ಕೇಳಿಸಿತು, ಅವಳು ನಮ್ಮ ಮಾತು ಅಷ್ಟಿಷ್ಟು ಕಲಿಯುತ್ತಿದ್ದಳು, ನಿನಗೆ ಮಗಳಿದ್ದಾಳಾ ಎಂದು ಕೇಳಿದಳು, ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಆದರೂ ನಾನು ವಿವರಿಸಲು ಹೋಗಿ ನಾಲಿಗೆ ಕಟ್ಟಿ ಕೆಂಪಾದೆ, ಅದಾದ ಮೇಲೆ ಆ ಪದ ಬಾಯಿಗೆ ಬರಲಿಲ್ಲ, ಮನೆಗೆ ಮರಳಿದ ಮೇಲೂ ಬರಲಿಲ್ಲ, ಈಗ ಅಮ್ಮಾ ಎನ್ನುತ್ತೇನೆ, ಅವಳು ಒಂದು ದಿನವೂ ಯಾಕೆ ಎನ್ನಲಿಲ್ಲ, ಕರೆದಾಗ ಅರೆಕ್ಷಣ ತಡೆದು ತಿರುಗುತ್ತಾಳೆ, ಇನ್ನೊಂದು ಶಬ್ದಕ್ಕೆ ಕಾದವಳಂತೆ, ಅಷ್ಟೇ.

ಮತ್ತೆ ಇಲ್ಲಿಗೆ, ಬಿಳಿ ಚುಕ್ಕೆ ಸಾಕು. ಜೆಟ್ ಸರಿ, ಸೂಜಿ ಸರಿ, ಫ್ಲೋಟು ಅಲ್ಲಾಡಿಸಿದರೆ ಒಳಗೆ ಸದ್ದಿಲ್ಲ, ತೂತಾಗಿಲ್ಲ, ಪ್ಲಗ್ ಹೊಸದು. ಉಳಿದದ್ದು ತಳದ ಬಟ್ಟಲು, ಪೆಟ್ರೋಲು ಬಂದು ನಿಲ್ಲುವ ಪುಟ್ಟ ಬಟ್ಟಲು, ಅದನ್ನು ಬಿಚ್ಚಿದಾಗ ಚೆಲ್ಲದೆ ಒಂದು ಪಕ್ಕ ಇಟ್ಟಿದ್ದೆ, ಈಗ ಓರೆ ಮಾಡಿ ನೋಡುತ್ತೇನೆ — ಇದೆ, ಪೆಟ್ರೋಲಿನ ಅಡಿಯಲ್ಲಿ ನೀರಿನ ಮಣಿ, ದುಂಡಗೆ, ಬಟ್ಟಲು ಬಾಗಿದ ಕಡೆ ಉರುಳುತ್ತದೆ, ಪೆಟ್ರೋಲಿನ ಜೊತೆ ಬೆರೆಯುವುದಿಲ್ಲ, ಅಡುಗೆಮನೆಯ ಬಿಸುಪಿಗೆ ಮಣಿ, ಹೊರಗೆ ಮಂಜುಗಡ್ಡೆಯ ಕಾಳು, ಕೊಲ್ಲಿಯ ಮೇಲೆ ಗಾಡಿ ಕುಲುಕಿದಾಗ ಮೇಲೆದ್ದು ಜೆಟ್ಟಿನ ಬಾಯಿಗೆ ಕೂತುಕೊಳ್ಳುತ್ತದೆ, ಎಂಜಿನ್ನಿನ ಬಿಸಿಗೆ ಕರಗುತ್ತದೆ, ಎಲ್ಲ ಸರಿಹೊಂದುತ್ತದೆ, ಸಂತೋಷವೇನೂ ಆಗಲಿಲ್ಲ. ಹೋದ ಸಲ ತೊಳೆದಾಗ ಈ ಬಟ್ಟಲನ್ನು ಒಣಬಟ್ಟೆಯಲ್ಲಿ ಒರೆಸಿದ್ದೆ, ಕಾರ್ಬುರೇಟರನ್ನು ಒಲೆಯ ಮೇಲೆ ತೂಗುಹಾಕಿ ಒಣಗಿಸಿದ್ದೆ, ಅಂದರೆ ನೀರು ಆಮೇಲೆ ಬಂದದ್ದು, ಟ್ಯಾಂಕಿನಿಂದ ಬಂದದ್ದು, ಟ್ಯಾಂಕಿಗೆ ಊರಿನ ಪಂಪಿನ ಪೆಟ್ರೋಲು, ಊರಿನ ಎಲ್ಲ ಗಾಡಿಗಳಿಗೂ ಅದೇ, ಅವು ಯಾವುವೂ ಕೆಮ್ಮುತ್ತಿಲ್ಲ. ನೀರು ಕಡಿಮೆಯಿದ್ದರೆ ನೀರನ್ನು ಎಳೆದುಕೊಳ್ಳುವ ಅಂಗಡಿಯ ಸ್ಪಿರಿಟ್ಟು ಎರಡು ಮುಚ್ಚಳ ಟ್ಯಾಂಕಿಗೆ ಸುರಿದರೆ ಸಾಕು, ಸುರಿದಿದ್ದೇನೆ, ಆದರೂ ಮಣಿ ಇಷ್ಟು ದಪ್ಪ. ಹಾಗಾದರೆ ಇನ್ನೆಲ್ಲಿಂದ, ತಲೆ ಎತ್ತಿದರೆ ನಡುಮನೆಯ ಬಾಗಿಲು ಅರ್ಧ ತೆರೆದಿದೆ, ಆಚೆ ಒಲೆಯ ಬಿಸಿ ತಲುಪದ ಮೊಗಸಾಲೆ, ಕೋಟುಗಳು, ಬೂಟುಗಳು, ಗೋಡೆಗೊರಗಿದ ಬಂದೂಕು, ಅದನ್ನು ನಾವು ಒಳಗೆ ತರುವುದಿಲ್ಲ, ಬೆಚ್ಚಗಿನ ಮನೆಗೆ ತಂದರೆ ತಣ್ಣನೆಯ ಕಬ್ಬಿಣ ಬೆವರುತ್ತದೆ, ಇದು ಮಕ್ಕಳಿಗೂ ಗೊತ್ತು — ಮತ್ತು ಅಮ್ಮ, ಬೆನ್ನು ನನ್ನ ಕಡೆಗೆ, ಕೋಟುಗಳ ಹಿಂದಿನಿಂದ ಕೆಂಪು ಪೆಟ್ರೋಲು ಕ್ಯಾನು ಎಳೆಯುತ್ತಿದ್ದಾಳೆ. ನನ್ನ ಅಪ್ಪನ ಕ್ಯಾನು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ತುಂಬಿಸಿಟ್ಟು ಹೋದದ್ದು, ಖಾಲಿಯಾಗಿರುತ್ತದೆ ಎಂದುಕೊಂಡಿದ್ದೆ, ಆಗಿಲ್ಲ, ಅರ್ಧ ಇದೆ, ಅಮ್ಮ ತಗಡಿನ ಮಗ್ಗಿಗೆ ಒಂದಿಷ್ಟು ಬಗ್ಗಿಸುತ್ತಾಳೆ, ಕೈ ಅಲುಗದ ಹಾಗೆ, ಮುಚ್ಚಳ ತಿರುಗಿಸಿ ಕ್ಯಾನನ್ನು ಅಂಗೈಯಿಂದ ಒಮ್ಮೆ ತಟ್ಟುತ್ತಾಳೆ, ಗಾಡಿಯ ಬೆನ್ನನ್ನು ತಟ್ಟುವಂತೆ, ಮನುಷ್ಯನ ಬೆನ್ನನ್ನು ತಟ್ಟುವಂತೆ. ಪ್ರತಿ ಸಲ ಹೊರಡುವಾಗಲೂ ಹೀಗೆಯೇ ಇರಬೇಕು, ಟ್ಯಾಂಕಿಗೆ ಮಗ್ಗಿನಷ್ಟು ಅವನದು. ಎರಡು ಚಳಿಗಾಲ, ಬಾಗಿಲು ತೆರೆದಾಗೊಮ್ಮೆ ಬೆಚ್ಚಗೆ, ಮುಚ್ಚಿದಾಗೊಮ್ಮೆ ತಣ್ಣಗೆ, ಅರ್ಧ ಖಾಲಿ ಕ್ಯಾನು ಒಳಗೊಳಗೇ ಬೆವರುತ್ತ. ಬಂದೂಕಿನ ವಿಷಯದಲ್ಲಿ ಅವಳು ಯಾವತ್ತೂ ತಪ್ಪಿದವಳಲ್ಲ.

ಹೇಳಬೇಕು. ತರಗತಿಯಲ್ಲಿ ಗೊತ್ತಿದ್ದ ಉತ್ತರಕ್ಕೂ ಕೈ ಎತ್ತದವಳು ನಾನು, ಹೇಳದೆ ಮಾಡುವ ದಾರಿಗಳು ಸಾಲಾಗಿ ಬರುತ್ತವೆ, ಒಂದು ಸ್ಕ್ರೂ ಜೇಬಿಗೆ ಹಾಕಿಕೊಂಡು ಕಳೆದುಹೋಯಿತು ಎನ್ನಬಹುದು, ಕ್ಯಾನನ್ನು ಅವಳಿಲ್ಲದಾಗ ಖಾಲಿ ಮಾಡಿ ಹೊಸ ಪೆಟ್ರೋಲು ತುಂಬಿಡಬಹುದು, ಅವಳಿಗೆ ಗೊತ್ತಾಗುತ್ತದೆ, ಹಳೆಯದರ ವಾಸನೆಯೇ ಬೇರೆ, ಅದರ ವಾಸನೆಗಾಗಿಯೇ ಮುಚ್ಚಳ ತೆಗೆಯುತ್ತಾಳೋ ಏನೋ. ಅಮ್ಮಾ, ಅದರಲ್ಲಿ ನೀರಿದೆ, ಎಂದರೆ, ನೋಡೋಣ ಬಿಡು, ಎನ್ನುತ್ತಾಳೆ, ಹೋಗುತ್ತಾಳೆ, ಮಗಳ ಮಾತಿಗೆ ಗಂಡನ ಕ್ಯಾನನ್ನು ಯಾರು ಬಿಟ್ಟುಕೊಡುತ್ತಾರೆ. ಅವಳು ಬಾಗಿಲಿಗೆ ಬಂದಿದ್ದಾಳೆ, ಸೀಲುಚರ್ಮದ ಬೂಟು, ಕೈಯಲ್ಲಿ ಮಗ್ಗು, ಮುಗೀತಾ ಅಪ್ಪಾ, ಗಾಳಿ ನಿಂತಿದೆ, ಈಗ್ಲೇ ಹೊರಟ್ರೆ ಒಳ್ಳೇದು, ಎನ್ನುತ್ತಾಳೆ, ಬಟ್ಟಲು ಹಿಡಿದು ಏಳುತ್ತೇನೆ, ಮಣಿ ಆಚೆಯಿಂದ ಈಚೆಗೆ ಉರುಳುತ್ತದೆ.

“ಮಗಳೇ,” ಎಂದೆ.

ಅವಳು ಅಲ್ಲೇ ನಿಂತಳು, ಮಗ್ಗು ಎದೆಯ ಹತ್ತಿರ, ನಾನು ಬಟ್ಟಲನ್ನು ಅವಳ ಕಡೆ ಬಾಗಿಸಿ ಹಿಡಿದೆ, ದನಿ ನನ್ನದೇ, ಸಣ್ಣದೇ, ತಾತನ ದನಿ ಹೇಗಿತ್ತೋ ನನಗೆ ಗೊತ್ತಿಲ್ಲ.

“ಅವನ ಕ್ಯಾನಲ್ಲಿ ನೀರು ಸೇರಿದೆ ಮಗಳೇ. ಇವತ್ತು ಅಂಚಿಗೆ ಹೋಗ್ಬೇಡ. ಟ್ಯಾಂಕೂ ಚೆಲ್ಲು, ಅದನ್ನೂ ಚೆಲ್ಲು.”

ಅವಳು ಮಣಿಯನ್ನು ನೋಡಿದಳು, ಮಗ್ಗನ್ನು ನೋಡಿದಳು, ಸೋಸಿ ಇಟ್ಕೊಂಡ್ರೆ ಆಗಲ್ವಾ ಎಂದಳು, ಆಗಲ್ಲ ಎಂದೆ, ಒಂದು ಬಾಟ್ಲಿಯಷ್ಟು, ಗಾಡಿಗೆ ಹಾಕಲ್ಲ, ಸುಮ್ನೆ, ಎಂದಳು, ಅವಳ ಮುಖ ಗುಂಡಿ ಹಾಕಿಸಿಕೊಳ್ಳಲು ನಿಂತ ಹುಡುಗಿಯದಾಗಿತ್ತು, ನಾನು ತಲೆ ಅಲ್ಲಾಡಿಸಿದೆ, ಒಂದಿಷ್ಟು ಉಳಿದರೆ ಮುಂದಿನ ಸಲ ಅದೇ ಮಗ್ಗು ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಹೂಂ, ಅಪ್ಪಾ,” ಎಂದಳು.

ಈಗ ಹೊರಗೆ, ಗಾಡಿಯ ಶೆಡ್ಡಿನ ಪಕ್ಕದ ಖಾಲಿ ಪೀಪಾಯಿಗೆ ಕ್ಯಾನನ್ನು ಬಗ್ಗಿಸುತ್ತಿದ್ದಾಳೆ, ನಾನು ಕಿಟಕಿಯ ಈಚೆ, ಜೋಡಿಸಬೇಕಾದದ್ದು ಇನ್ನೂ ರಟ್ಟಿನ ಮೇಲೆ, ಅವಳ ಕೈಗವಸು ಹಿಮದ ಮೇಲಿದೆ, ಬರಿಗೈಯಲ್ಲೇ ಹಿಡಿದಿದ್ದಾಳೆ, ಇಷ್ಟು ಚಳಿಯಲ್ಲಿ, ಧಾರೆ ಹಳದಿ, ಸಣ್ಣದಾಗುತ್ತದೆ, ಹನಿಯಾಗುತ್ತದೆ, ನಿಲ್ಲುತ್ತದೆ, ಮುಗಿಯಿತು ಎಂದುಕೊಳ್ಳುತ್ತೇನೆ, ಅವಳು ಕ್ಯಾನನ್ನು ತಲೆಕೆಳಗು ಮಾಡಿ ಕೊಡವುತ್ತಾಳೆ, ಗಾಜಿನ ಈಚೆಗೂ ಕೇಳುತ್ತದೆ — ಟಕ್, ಒಳಗೆ ಏನೋ ಗೋಡೆಗೆ ಬಡಿಯುತ್ತದೆ, ಮಂಜುಗಡ್ಡೆ, ಕ್ಯಾನಿನ ಬಾಯಿಗಿಂತ ದೊಡ್ಡದಾಗಿ ಬೆಳೆದದ್ದು, ಬರುವುದಿಲ್ಲ, ಅವಳು ಕ್ಯಾನನ್ನು ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾಳೆ, ಟಕ್, ಮತ್ತೊಮ್ಮೆ, ಟಕ್, ಮಣಿ, ಬಟ್ಟಲಿನಲ್ಲಿದ್ದಂಥದ್ದೇ, ದುಂಡಗೆ, ಅವನ ಕ್ಯಾನಿನ ಒಳಗೇ ಉಳಿದಿದೆ.