ಮಹದೇವಣ್ಣ ನೋಡಿದ ಗಾಡಿ

ಮೆಕ್ಯಾನಿಕ್ ಮಹದೇವ್ ಬಾನೆಟ್ಟಿನೊಳಗೆ ತಲೆ ಹಾಕಿ ಹತ್ತು ನಿಮಿಷವಾಗಿತ್ತು. ಬಸವೇಶ್ವರನಗರದ ಸೇತುರಾಮ ಅವರ ಮನೆ ಮುಂದೆ ನಿಂತಿದ್ದ ಆ ಎರಡೇ ಸೀಟಿನ ಕಪ್ಪು ಸ್ಪೋರ್ಟ್ಸ್ ಕಾರನ್ನು ಬೀದಿಯವರೆಲ್ಲ ಬಂದು ನೋಡಿಕೊಂಡು ಹೋಗಿದ್ದರು. ಕೊಳ್ಳಲು ಬಂದಿದ್ದ ಕೆಂಗೇರಿಯ ಭೈರೇಶ್ ಮಾತ್ರ ಕಾರು ಬಿಟ್ಟು ಮಹದೇವನ ಬೆನ್ನನ್ನೇ ನೋಡುತ್ತಿದ್ದ. ಭೈರೇಶನ ತಾಯಿ ವಿಮಲಮ್ಮ ವರಾಂಡದ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹೆಂಗೈತಣ್ಣಾ?" ಎಂದ ಭೈರೇಶ್.

"ಇರಪ್ಪ, ನೋಡ್ತಾ ಇದೀನಿ."

ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಎಡಗಡೆ ಹೆಡ್‌ಲೈಟಿನ ಹಿಂದಿನ ವೆಲ್ಡಿಂಗ್ ಗೆರೆಯ ಮೇಲೆ ಬೆರಳು ಆಡಿಸಿದಾಗಲೇ ಅವನಿಗೆ ತಿಳಿದುಹೋಗಿತ್ತು. ಅದು ಅವನದೇ ಕೈಕೆಲಸ.

ಎರಡು ವರ್ಷದ ಹಿಂದೆ ಈ ಕಾರು ಹಳದಿಯಾಗಿತ್ತು. ಎಲ್ಲೋ ಕಂಬಕ್ಕೆ ಗುದ್ದಿ, ಮೂತಿ ಜಜ್ಜಿಸಿಕೊಂಡು, ದೀಪಾಂಜಲಿ ನಗರದ ಅವನ ಶೆಡ್ಡಿಗೆ ಬಂದಿತ್ತು. ಏರ್‌ಬ್ಯಾಗು ಎರಡೂ ಒಡೆದು ಜೋತುಬಿದ್ದಿದ್ದವು. "ಹೊಸಾದು ತರ್ಸೋಕೆ ಮೂರು ತಿಂಗ್ಳು ಬೇಕು ಗುರು, ಮುಚ್ಚಾಕ್ಬಿಡು" ಅಂದಿದ್ದ ತಂದ ಬ್ರೋಕರ್. ಮಹದೇವ್ ಮುಚ್ಚಿದ್ದ. ಖಾಲಿ ಗೂಡುಗಳ ಮೇಲೆ ಹೊಸ ಲೆದರ್ ಎಳೆಸಿ, ಏರ್‌ಬ್ಯಾಗ್ ಇಲ್ಲವೆಂದು ಮೀಟರಿನಲ್ಲಿ ಕೆಂಪು ದೀಪ ಹತ್ತದಂತೆ ವೈರಿನ ತುದಿಗೆ ಅಕ್ಕಿಕಾಳಿನಷ್ಟು ರೆಸಿಸ್ಟರ್ ಕೂರಿಸಿದ್ದ. ಕೆಲಸ ಚೆನ್ನಾಗಿ ಬಂತೆಂದು ಖುಷಿಯೂ ಪಟ್ಟಿದ್ದ. ಇಂಥದ್ದನ್ನೆಲ್ಲ ಯಾವನೋ ದುಡ್ಡಿನ ಕುಳ ಕೊಳ್ಳುತ್ತಾನೆ, ನಮ್ಮ ಕಡೆಯವರು ಯಾರು ಕೊಳ್ಳುತ್ತಾರೆ ಎಂದುಕೊಂಡಿದ್ದ. ಕೆಂಗೇರಿಯ ರಾಗಿ ಹೊಲಗಳಿಗೆ ಬೆಲೆ ಬಂದು, ನಮ್ಮ ಕಡೆಯವರೇ ಬಂದು ನಿಲ್ಲುತ್ತಾರೆಂದು ಅವನಿಗೇನು ಕನಸು ಬಿದ್ದಿತ್ತೆ?

"ನಾನೂ ಕಾರಿಗೆ ಸ್ಕ್ಯಾನರ್ ಹಾಕಿ ನೋಡ್ದೆ ಅಣ್ಣ" ಎಂದು ಭೈರೇಶ್ ಫೋನು ಚಾಚಿದ. "ಒಂದೂ ಕಂಪ್ಲೇಂಟ್ ತೋರಿಸ್ತಿಲ್ಲ."

ತೋರಿಸದ ಹಾಗೆ ಮಾಡಿದವನು ಫೋನನ್ನು ನೋಡಿ ತಲೆಯಾಡಿಸಿದ.

ಡ್ಯಾಶ್‌ಬೋರ್ಡ್ ಬಿಚ್ಚಿ ತೋರಿಸುವುದು ಎರಡು ನಿಮಿಷದ ಕೆಲಸ. ಆದರೆ ಸೇತುರಾಮ ಅವರು ಕಾರನ್ನು ಕೊಂಡದ್ದು ಅದೇ ಬ್ರೋಕರಿನಿಂದ. ಪಾಪ, ಅವರಿಗೂ ಒಳಗಿನ ವಿಷಯ ಗೊತ್ತಿರಲಿಲ್ಲ. ಗೊತ್ತಾದರೆ ಅಲ್ಲೇ ಬ್ರೋಕರಿಗೆ ಫೋನು ಹಚ್ಚುತ್ತಾರೆ, ಅವನು ನಾಚಿಕೆಯಿಲ್ಲದೆ ಮಹದೇವನ ಹೆಸರು ಹೇಳುತ್ತಾನೆ. ವಿಮಲಮ್ಮನ ಮನೆಗೆ ಟ್ರಾಕ್ಟರಿನಿಂದ ಹಿಡಿದು ಹಾಲಿನ ಟೆಂಪೊದವರೆಗೆ ಮಹದೇವ್ ನೋಡದೆ ಒಂದು ಗಾಡಿಯೂ ಬಂದಿರಲಿಲ್ಲ. ಆ ಮನೆಯ ಎದುರು ಸಣ್ಣವನಾಗುವುದು ಅವನಿಂದಾಗಲಿಲ್ಲ. ಹೇಗಾದರೂ ವ್ಯಾಪಾರ ಮುರಿದುಹೋದರೆ ಸಾಕು, ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಲೆಕ್ಕ ಹಾಕಿದ.

"ಕ್ಲಚ್ ಹೋಗ್ತಾ ಇದೆ ಭೈರೇಶ" ಎಂದ. "ಬೇಡ ಬಿಡು. ಬೇರೆ ನೋಡಣ."

ಭೈರೇಶನ ಮುಖ ಒಂದು ಗಳಿಗೆ ಬಾಡಿ, ಮರುಗಳಿಗೆ ಅರಳಿತು. ಸೈಟು ಕೊಳ್ಳುವವರೊಂದಿಗೂ ಮಾರುವವರೊಂದಿಗೂ ಕೂತು ಬೆಳೆದ ಹುಡುಗ ಅವನು. ಒಂದು ಕೊರತೆ ಕೈಗೆ ಸಿಕ್ಕರೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೇತುರಾಮ ಅವರನ್ನು ಕಾಂಪೌಂಡಿನ ಮೂಲೆಗೆ ಕರೆದುಕೊಂಡು ಹೋದ. ಒಳಗಿನಿಂದ ಕಾಫಿ ಬರುವಷ್ಟರಲ್ಲಿ ಬೆಲೆ ಇಳಿದು, ಫೋನಿನಲ್ಲೇ ಅಡ್ವಾನ್ಸ್ ಹೋಗಿ, ಇಬ್ಬರೂ ನಗುತ್ತಾ ವಾಪಸು ಬಂದರು.

"ಸೂಪರಣ್ಣ ನೀನು! ಕ್ಲಚ್ ಅಂದಿದ್ದಕ್ಕೇ ಸಾರ್ ಇಳಿದ್ರು. ಕ್ಲಚ್ ಹೆಂಗೂ ನೀನೇ ಹಾಕ್ಕೊಡ್ತೀಯಲ್ಲ!"

ಮಹದೇವ್ ಕಾಫಿ ಲೋಟವನ್ನು ಕುಡಿಯದೆಯೇ ಕೆಳಗಿಟ್ಟ. ಕೆಡಿಸಲು ಹೋದವನು ತಾನೇ ಮುಂದೆ ನಿಂತು ಕೊಡಿಸಿದಂತಾಗಿತ್ತು.

ವಿಮಲಮ್ಮ ಎದ್ದು ಬಂದು ಕೈಚೀಲದಿಂದ ಸಣ್ಣ ಸ್ಟೀಲ್ ತಟ್ಟೆ ತೆಗೆದರು. ಎಲೆ, ಅಡಿಕೆ, ಎರಡು ಬಾಳೆಹಣ್ಣು. ಗಾಡಿ ನೋಡಿದ್ದಕ್ಕೆ ಮಹದೇವ್ ಎಂದೂ ಕಾಸು ಮುಟ್ಟಿದವನಲ್ಲ. ಅವನು ಎಲೆಅಡಿಕೆ ತೆಗೆದುಕೊಂಡರೆ ಗಾಡಿ ಸರಿಯಿದೆಯೆಂದು ಅರ್ಥ, ತಟ್ಟೆ ಹಿಂದಕ್ಕೆ ಸರಿಸಿದರೆ ಆ ಗಾಡಿಯ ಮಾತೇ ಬೇಡ. ಕೆಂಗೇರಿಯಲ್ಲಿ ಅದು ನಾಲ್ಕಾರು ಮನೆಗಳಿಗೆ ಗೊತ್ತಿದ್ದ ರೂಢಿ.

"ಇವರಪ್ಪ ಮೈಸೂರ್ ರೋಡ್ ಆಕ್ಸಿಡೆಂಟಲ್ಲಿ ಹಂಗಾದ್ಮೇಲೆ ಇವನನ್ನ ಬೈಕ್ ಹತ್ತಕ್ಕೂ ಬಿಟ್ಟಿಲ್ಲ ನಾನು" ಎಂದರು ವಿಮಲಮ್ಮ. "ಕ್ಲಚ್ಚು ಗಿಚ್ಚು ನಂಗೊತ್ತಾಗಲ್ಲ. ಜೀವಕ್ಕೇನೂ ತೊಂದ್ರೆ ಇಲ್ಲ ತಾನೆ ಮಹದೇವಣ್ಣ? ಅಷ್ಟು ಹೇಳಿ ಸಾಕು."

"ಅದು... ವಿಮಲಮ್ನೋರೆ..."

ಸೇತುರಾಮ ಅವರೂ ಭೈರೇಶನೂ ಇತ್ತ ತಿರುಗಿದರು. ಭೈರೇಶನ ಮುಖದ ಮೇಲೆ ಇನ್ನೂ ಆ ನಗು ಇತ್ತು.

"ನಿಧಾನಕ್ಕೆ ಓಡಿಸ್ಲಿ" ಎಂದ ಮಹದೇವ್. ಎರಡೂ ಕೈ ಚಾಚಿ ಎಲೆಅಡಿಕೆ ತೆಗೆದುಕೊಂಡ. ಮೂವತ್ತು ವರ್ಷ ಸಂಪಾದಿಸಿದ ಹೆಸರು ಇದಕ್ಕಾಗಿಯೇ ಇತ್ತೇ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

"ಅಮ್ಮ, ಮೊದ್ಲು ನೀನೇ ಕೂತ್ಕೊ" ಎಂದು ಭೈರೇಶ್ ಬಾಗಿಲು ತೆರೆದ. "ನೈಸ್ ರೋಡ್ ಹೈವೇಲಿ ಒಂದು ರೌಂಡ್ ಹೋಗ್ಬರಣ."

ಸೀಟು ನೆಲಕ್ಕೆ ಅಂಟಿದಷ್ಟು ತಗ್ಗಿನಲ್ಲಿತ್ತು. ಮಂಡಿನೋವಿನ ವಿಮಲಮ್ಮ ಬಗ್ಗಲಾರದೆ ನಕ್ಕರು. ಮಹದೇವ್ ಓಡಿಹೋಗಿ ತೋಳು ಹಿಡಿದು, ಸೆರಗು ಸಿಕ್ಕಿಕೊಳ್ಳದಂತೆ ಒಳಗೆ ಕೂರಿಸಿದ. ಅವರು ಎದುರಿಗೆ ಅವನೇ ಎಳೆಸಿದ್ದ ಲೆದರಿನ ಮೇಲೆ ಅಂಗೈ ಆಡಿಸಿ, "ಎಷ್ಟು ನೈಸಾಗದೆ" ಎಂದರು.

ಮಹದೇವ್ ಬೆಲ್ಟನ್ನು ಅವರ ಹೆಗಲ ಮೇಲಿಂದ ಎಳೆದು ಕೊಂಡಿಗೆ ಸಿಕ್ಕಿಸಿದ. ಜಗ್ಗಿ ನೋಡಿದ. ಭೈರೇಶ್ ಇಂಜಿನ್ ಶುರುಮಾಡಿದ ಸದ್ದಿಗೆ ಮೇಲಿನ ಮನೆಯ ಕಿಟಕಿ ಗಾಜು ನಡುಗಿತು. ಮಹದೇವ್ ಇನ್ನೊಮ್ಮೆ ಜಗ್ಗಿದ.

"ಸಾಕು ಬಿಡಿ ಮಹದೇವಣ್ಣ" ಎಂದರು ವಿಮಲಮ್ಮ, ನಗುತ್ತಾ. "ಬಿಗಿಯಾಗದೆ."

ಅವನ ಬೆರಳು ಬೆಲ್ಟಿನ ಮೇಲೇ ಇತ್ತು.