ದಡದಲ್ಲಿ ನಿಂತ ಕಾಯಿ

ಕೆರೆಯ ಜೊಂಡಿಗೆ ಸಿಕ್ಕಿ ನಿಂತ ತೆಂಗಿನಕಾಯಿಯೊಂದನ್ನು ಕಂಡರೆ ಅದನ್ನು ತಳ್ಳದೆ ಮುಂದೆ ಹೋಗಲು ನಿಮಗೇನು ಕಷ್ಟ? ಅದು ನಿಮ್ಮದಲ್ಲ, ಅದು ನಿಮ್ಮನ್ನು ಕರೆದಿಲ್ಲ, ನಿಮ್ಮ ದಾರಿಗೆ ಅಡ್ಡ ಬಂದಿಲ್ಲ. ಆದರೂ ಕೈಗೆ ಒಂದು ಕೋಲು ಸಿಕ್ಕರೆ ಸಾಕು, ಬಗ್ಗಿ, ತಳ್ಳಿ, ದೊಡ್ಡ ಉಪಕಾರ ಮಾಡಿದೆವೆಂಬ ತೃಪ್ತಿಯಲ್ಲಿ ಮನೆಗೆ ಹೋಗುತ್ತೀರಿ. ಹಾಗೆ ಹೋದವರಲ್ಲಿ ಒಬ್ಬರಾದರೂ ಹಿಂತಿರುಗಿ ಉಮಾಮಹೇಶ್ವರಿಯ ಮುಖ ನೋಡಿದ್ದರೆ ಈ ಕಥೆಯನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಉಮಾಮಹೇಶ್ವರಿ ಕುಣಿಗಲ್ ತಾಲ್ಲೂಕಿನ ಅಮೃತೂರಿನವಳು. ಗುಬ್ಬಿಯ ಕಾಲೇಜೊಂದರಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಸಂಶೋಧನೆ ತುಮಕೂರಿನಲ್ಲಿ, ಪ್ರೊಫೆಸರ್ ಜಯಪ್ರಕಾಶರ ಮಾರ್ಗದರ್ಶನದಲ್ಲಿ. ನೋಂದಣಿಯ ಅವಧಿಯನ್ನು ಒಮ್ಮೆ ವಿಸ್ತರಿಸಿ ಆಗಿತ್ತು. ಈ ವರ್ಷದ ಪರಿಶೀಲನಾ ಸಮಿತಿ ಒಪ್ಪದಿದ್ದರೆ ನೋಂದಣಿ ರದ್ದಾಗುತ್ತದೆ, ಡಾಕ್ಟರೇಟ್ ಇಲ್ಲದವಳಿಗೆ ಕಾಲೇಜಿನ ಬಾಗಿಲೂ ಮುಚ್ಚುತ್ತದೆ ಎಂಬುದು ಅವಳಿಗೆ ತಿಳಿದಿತ್ತು.

ಅವಳ ವಿಷಯ ಕೇಳಲು ಕಠಿಣ, ನೋಡಲು ಸರಳ. ನೀರಿಗೆ ಬಿದ್ದ ಒಂದು ಹನಿ ಮಸಿ ಹರಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಒಂದೊಂದು ಕಣವೂ ಗೊತ್ತುಗುರಿಯಿಲ್ಲದೆ ಅತ್ತಿತ್ತ ಅಲೆಯುತ್ತದೆ. ಹೀಗೆ ಅಲೆಯುವ ವಸ್ತು ನಾಲ್ಕು ಪಟ್ಟು ಹೊತ್ತು ಕಳೆದರೆ ಸುಮಾರು ಎರಡು ಪಟ್ಟು ದೂರ ಹೋಗಿರುತ್ತದೆಂಬುದು ಪಠ್ಯಪುಸ್ತಕದ ನಿಯಮ. ಆದರೆ ಲೋಕದಲ್ಲಿ ಎಲ್ಲವೂ ಅಷ್ಟು ವಿಧೇಯವಲ್ಲ. ಕೆಲವೆಡೆ ಅಲೆಯುವ ವಸ್ತು ನಡುನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಒಮ್ಮೆ ಗಳಿಗೆಯ ಮಟ್ಟಿಗೆ, ಒಮ್ಮೆ ವಾರಗಟ್ಟಲೆ. ಆ ನಿಲುಗಡೆಗಳ ಸರಾಸರಿ ಹಿಡಿಯಲು ಹೋದರೆ ಅದು ಕೈಗೆ ಸಿಗದು. ನೋಡುತ್ತಾ ಕುಳಿತಷ್ಟೂ ಹಿಂದಿನ ಎಲ್ಲವನ್ನೂ ಮೀರಿಸುವ ಇನ್ನೊಂದು ನಿಲುಗಡೆ ಎದುರಾಗಿ ಲೆಕ್ಕ ಕೆಡಿಸುತ್ತದೆ. ಒಟ್ಟು ಹರಡುವಿಕೆ ನಿಯಮ ಹೇಳಿದ್ದಕ್ಕಿಂತ ನಿಧಾನವಾಗುತ್ತದೆ. ಗಣಿತದವರು ಇದನ್ನು ಅಸಹಜ ಪ್ರಸರಣ ಎನ್ನುತ್ತಾರೆ. ಜನ ತುಂಬುವವರೆಗೆ ಹೊರಡದ ಅಮೃತೂರಿನ ಖಾಸಗಿ ಬಸ್ಸುಗಳಲ್ಲಿ ಕುಳಿತು ಬೆಳೆದವಳಿಗೆ ಇದರಲ್ಲಿ ಅಸಹಜವಾದದ್ದೇನೂ ಕಾಣಲಿಲ್ಲ.

ಸೂತ್ರಗಳನ್ನು ಕಾಗದದ ಮೇಲೆ ಬಿಡಿಸಿ ಆಗಿತ್ತು. ಅವು ನಿಜವಾದ ನೀರಿನಲ್ಲಿ ನಿಲ್ಲುತ್ತವೆಯೇ ಎಂದು ನೋಡುವುದು ಬಾಕಿಯಿತ್ತು. ಅದಕ್ಕಾಗಿ ಅವಳು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ಆರಿಸಿಕೊಂಡಳು. ಅಲ್ಲಿ ತೆರೆದ ನೀರೂ ಇತ್ತು, ಜೊಂಡೂ ಅಂತರಗಂಗೆಯೂ ಬೆಳೆದ ಅಂಚೂ ಇತ್ತು. ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿಗಳಿಗೆ ಹಳದಿ ಬಣ್ಣ ಬಳಿದು, ಒಂದೊಂದಕ್ಕೂ ಇರುವ ಜಾಗ ತಿಳಿಸುವ ಪುಟ್ಟ ಜಿಪಿಎಸ್ ಯಂತ್ರವನ್ನು ನೀರು ಹೋಗದಂತೆ ಬಿಗಿದಳು. ಗಾಳಿಯೂ ನೀರೂ ಅವುಗಳನ್ನು ಅಲೆಸಬೇಕು. ಜೊಂಡು ಅವುಗಳನ್ನು ಹಿಡಿದು ನಿಲ್ಲಿಸಬೇಕು. ತಾನು ಸುಮ್ಮನೆ ನೋಡಬೇಕು. ಇಷ್ಟೇ ಪ್ರಯೋಗ.

ಸುಮ್ಮನೆ ನೋಡುವುದು ನಮ್ಮ ನಾಡಿನಲ್ಲಿ ಎಷ್ಟು ದುಬಾರಿಯೆಂದು ಅವಳಿಗೆ ಆಗ ತಿಳಿದಿರಲಿಲ್ಲ.

"ಉದ್ಘಾಟನೆ ಇಲ್ದೆ ಹೆಂಗಮ್ಮ ಶುರು ಮಾಡೋದು?" ಎಂದರು ಜಯಪ್ರಕಾಶ್. "ಡಿಪಾರ್ಟ್‌ಮೆಂಟ್ ರಿಪೋರ್ಟ್‌ಗೆ ಒಂದು ಫೋಟೋ ಬೇಕು."

"ಸಾರ್, ಕಾಯಿ ನೀರಿಗೆ ಬಿಡೋದಷ್ಟೇ. ಅದಕ್ಕೆ ಉದ್ಘಾಟನೆ ಯಾಕೆ?"

"ಬೋರ್‌ವೆಲ್‌ಗೆ ಮಾಡಲ್ವಾ? ಶೌಚಾಲಯಕ್ಕೆ ಮಾಡಲ್ವಾ? ಗಣಿತ ಏನ್ ಪಾಪ ಮಾಡೈತೆ?"

ಅವಳು ವಾದಿಸಲಿಲ್ಲ. ಸಹಿ ಹಾಕುವ ಕೈಯೊಡನೆ ವಾದಿಸುವ ವಿದ್ಯಾರ್ಥಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಹುಟ್ಟಬೇಕಾಗಿದೆ. ಗೊತ್ತಾದ ದಿನ ಕೆರೆ ಏರಿಯ ಮೇಲೆ ಶಾಮಿಯಾನ ಎದ್ದಿತು. ಕೆರೆ ಸಮಿತಿಯ ಅಧ್ಯಕ್ಷ ಚನ್ನಬಸವಯ್ಯನವರು ಶಲ್ಯ ಹೊದ್ದು ಬಂದರು. ಮೊರದಲ್ಲಿ ಅರಿಶಿನ, ಕುಂಕುಮ, ಹೂವು, ಬಳೆ ಬಂದವು. ಜಯಪ್ರಕಾಶರು ತಮ್ಮ ಕೈಯಾರೆ ಪ್ರತಿ ಕಾಯಿಗೂ ಕುಂಕುಮವಿಟ್ಟರು, ಹೂವು ಏರಿಸಿದರು, ಕ್ಯಾಮರಾ ಕಡೆ ನೋಡಿ ನಕ್ಕರು, ನೀರಿಗೆ ಬಿಟ್ಟರು. ಊರವರು ಕೈ ಮುಗಿದರು. ಯಂತ್ರ ಹೊತ್ತ ಕಾಯಿಗಳು ಗಂಗಮ್ಮನ ಬಾಗಿನವಾಗಿ ಹೊರಟವು.

ಮೊದಲ ವಾರ ಎಲ್ಲವೂ ಅವಳ ಸೂತ್ರದಂತೆಯೇ ನಡೆಯಿತು. ಕಾಯಿಗಳು ಅಲೆದವು, ಜೊಂಡಿಗೆ ಸಿಕ್ಕವು, ನಿಂತವು. ಜಯಪ್ರಕಾಶರಿಗೆ ಸಮಾಧಾನವಾಗಲಿಲ್ಲ. "ನಿಂತಿರೋ ಕಾಯಿಗಳ್ನ ಲೆಕ್ಕದಿಂದ ತೆಗ್ದಾಕಮ್ಮ, ಗ್ರಾಫ್ ಸೊಟ್ಟ ಆಗ್ತಿದೆ" ಎಂದರು. ನಿಂತ ಕಾಯಿಗಳೇ ತನ್ನ ಸಂಶೋಧನೆಯೆಂದು ಅವಳು ಮತ್ತೆ ಮತ್ತೆ ವಿವರಿಸಿದಳು. ಪರೀಕ್ಷೆಯಲ್ಲಿ ಫೇಲಾದವರ ಹೆಸರು ಹೊಡೆದುಹಾಕಿ ಶೇಕಡಾ ನೂರು ಫಲಿತಾಂಶವೆಂದು ಬ್ಯಾನರ್ ಕಟ್ಟಿದ ಹಾಗಾಗುತ್ತದೆ ಎಂದಳು. ಅವರು ಗಡಿಯಾರ ನೋಡಿಕೊಂಡರು.

ಆಮೇಲೆ, ಯಾರೋ ಗದರಿಸಿದ ಹಾಗೆ, ಕಾಯಿಗಳು ನಿಲ್ಲುವುದನ್ನೇ ಬಿಟ್ಟವು. ಸಿಕ್ಕಿದ್ದು ಮಾರನೆಯ ದಿನವೇ ಬಿಡಿಸಿಕೊಂಡಿತು. ಹೊತ್ತಿಗೆ ಎದುರಾಗಿ ದೂರದ ವರ್ಗವನ್ನು ಗುರುತಿಸಿದ್ದ ಗ್ರಾಫಿನ ಗೆರೆ, ಪಠ್ಯಪುಸ್ತಕದ ನಿಯಮ ಹೇಳುವಂತೆಯೇ, ತಿಂಗಳೊಳಗೆ ನೆಟ್ಟಗಾಯಿತು.

"ನೋಡಮ್ಮ, ಸ್ಕೇಲ್ ಇಟ್ಟು ಎಳ್ದಂಗಿದೆ!" ಜಯಪ್ರಕಾಶರು ಅವಳನ್ನು ತುಮಕೂರಿನ ತಮ್ಮ ಕೊಠಡಿಗೆ ಕರೆಸಿ ಕಾಫಿ ತರಿಸಿದರು. ಆ ಕೊಠಡಿಯಲ್ಲಿ ಅವಳಿಗೆ ಕಾಫಿ ಸಿಕ್ಕಿದ್ದು ಅದೇ ಮೊದಲು. "ಪಠ್ಯಪುಸ್ತಕದ ನಿಯಮ ಕೆರೆಯಲ್ಲೂ ನಡೆಯುತ್ತೆ ಅಂತ ಬರೆದುಬಿಡು. ಸಮಿತಿ ಎರಡು ಮಾತಾಡಲ್ಲ."

"ಸಾರ್, ಕಾಯಿಗಳೆಲ್ಲಾ ಬೆಳಗಿನ ಹೊತ್ತೇ ಬಿಡಿಸ್ಕೊಳ್ತಿವೆ. ಎಲ್ಲಾ ದಡದಿಂದ ನೆಟ್ಟಗೆ ಕೆರೆ ಮಧ್ಯಕ್ಕೆ ಹೋಗ್ತಿವೆ. ಗಾಳಿಗೆ ಎದುರಾಗಿ ಸಾರ್."

"ಅದಕ್ಕೇ ಯಾದೃಚ್ಛಿಕ ಅನ್ನೋದು!"

ಯಾದೃಚ್ಛಿಕವೆಂದರೆ ಇಂಥದೇ ಎಂದು ಮೊದಲೇ ಹೇಳಲಾಗದ್ದು. ದಿನವೂ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಹೊರಡುವುದನ್ನು ಯಾದೃಚ್ಛಿಕವೆಂದು ಕರೆಯುವ ಪ್ರೊಫೆಸರರ ಎದುರು ಅವಳು ಕಾಫಿ ಲೋಟವನ್ನು ಕೆಳಗಿಟ್ಟು ಎದ್ದುಬಂದಳು. ಮರುದಿನ ಮುಂಜಾನೆಯ ಬಸ್ಸು ಹಿಡಿದು ಬಂದು ಕಡಬದ ಏರಿಯ ಮೇಲೆ ನಿಂತಿದ್ದಳು.

ಸೋಪಾನದ ಬಳಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಸ್ವಲ್ಪ ಆಚೆ ಮಹಾಲಕ್ಷ್ಮಮ್ಮ, ಕೆರೆ ಹಿಂದಿನ ತೋಟದವರು, ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿನಲ್ಲಿ ನಿಂತಿದ್ದರು. ಕೈಯಲ್ಲಿ ತೆಂಗಿನಕಾಯಿ ಕೀಳುವ ಉದ್ದನೆಯ ದೋಟಿ. ಅದರ ತುದಿಯಲ್ಲಿ ಉಮಾಮಹೇಶ್ವರಿಯ ಹಳದಿ ಕಾಯಿ. ಆಕೆ ಅದನ್ನು ಜೊಂಡಿನಿಂದ ಬಿಡಿಸಿ, ಒಮ್ಮೆ ಕಣ್ಣಿಗೊತ್ತಿಕೊಂಡು, ಒಳನೀರಿಗೆ ತಳ್ಳಿದರು.

"ಅಮ್ಮಾ! ಏನ್ ಮಾಡ್ತಿದೀರಾ?"

"ಓ, ಮೇಡಮ್ಮೋರು! ಬನ್ನಿ ಬನ್ನಿ. ಇವತ್ತು ನಮ್ಮನೆ ಪಾಳಿ ಕಣವ್ವ."

"ಏನ್ ಪಾಳಿ?"

"ಕಾಯಿ ಬುಡ್ಸೋ ಪಾಳಿ. ಒಂದು ವಾರ ನೋಡುದ್ವಿ, ಗಂಗಮ್ಮ ತಗೋತಾಳೇನೋ ಅಂತ. ತಗೊಳ್ಲಿಲ್ಲ. ಕೊಟ್ಟ ಬಾಗಿನ ದಡಕ್ಕೆ ವಾಪಸ್ ಬಂದು ಕೂತ್ಕಂಡ್ರೆ ಊರ್ಗೆ ಒಳ್ಳೇದಾ? ಚನ್ನಬಸವಯ್ನೋರು ಮನೆಗೊಂದು ದಿನ ಅಂತ ಪಾಳಿ ಹಾಕವ್ರೆ. ಒಂದಿನಾನೂ ತಪ್ಸಿಲ್ಲ!"

"ಅದು ಬಾಗಿನ ಅಲ್ಲಮ್ಮ. ಪ್ರಯೋಗ. ನಿಂತ್ರೆ ನಿಲ್ಲಬೇಕು. ಎಷ್ಟು ದಿನ ನಿಲ್ಲುತ್ತೆ ಅಂತಾನೇ ನಾನು ನೋಡ್ತಿರೋದು."

ಮಹಾಲಕ್ಷ್ಮಮ್ಮ ದೋಟಿಯನ್ನು ನೆಲಕ್ಕೂರಿ ಅವಳನ್ನು ಕನಿಕರದಿಂದ ನೋಡಿದರು. "ನಿಂತಿರೋ ಕಾಯ್ನ ನೋಡಕ್ಕೆ ಬಸ್ ಚಾರ್ಜ್ ಕೊಟ್ಕಂಡು ಬತ್ತೀಯಾ? ಬಾಗಿನ ಅಲ್ದಿದ್ರೆ ನಿಮ್ಮ ಮೇಷ್ಟ್ರು ಯಾಕವ್ವ ಕುಂಕುಮ ಇಟ್ರು? ಹೂವ ಯಾಕೆ ಇಟ್ರು? ನಾವೇನು ಕೇಳಿದ್ವಾ?"

ಒಗೆಯುತ್ತಿದ್ದವರಲ್ಲಿ ಒಬ್ಬಳು ನಕ್ಕಳು. "ಬುಡಕ್ಕೋ, ಪಾಪ, ಓದಿರೋರು."

ಉಮಾಮಹೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅದನ್ನು ಯಾರ ಮೇಲೆ ಇಳಿಸಬೇಕು? ಈ ಜನ ಕಳವು ಮಾಡಿರಲಿಲ್ಲ, ಕಾಯಿ ಒಡೆದು ಚಟ್ನಿ ಮಾಡಿರಲಿಲ್ಲ. ಕಣ್ಣೆದುರು ನಡೆದ ಪೂಜೆಯನ್ನು ಪೂಜೆಯೆಂದು ನಂಬಿದ್ದರು, ಅಷ್ಟೆ. ಪೂಜೆಯೂ ಅಲ್ಲದ, ಪ್ರಯೋಗವೂ ಅಲ್ಲದ, ಒಂದು ಫೋಟೋಗಾಗಿ ನಡೆದ ಆಟವನ್ನು ತಾನೇ ಪಕ್ಕದಲ್ಲಿ ನಿಂತು ನೋಡಿದ್ದಳಲ್ಲವೇ?

ಅಲ್ಲಿಂದ ನೇರವಾಗಿ ತುಮಕೂರಿಗೆ ಹೋಗಿ ಜಯಪ್ರಕಾಶರಿಗೆ ಎಲ್ಲವನ್ನೂ ಹೇಳಿದಳು. ಅವರು ಬೆಚ್ಚಿಬೀಳುವರೆಂದು ಅವಳೆಣಿಕೆ. ಅವರು ಬಾಗಿಲು ಮುಚ್ಚಿ ಬಂದು ಕುಳಿತರು.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಸಾರ್."

"ಸದ್ಯ. ಹೇಳ್ಬೇಡ. ನೋಡು ಉಮಾ, ಗಾಳಿ ತಳ್ಳಿದ್ರೂ ತಳ್ಳಿದಂಗೇ, ಆ ಯಮ್ಮ ತಳ್ಳಿದ್ರೂ ತಳ್ಳಿದಂಗೇ. ಕಾಯಿಗೇನು ಗೊತ್ತು?"

"ಕಾಯಿಗೆ ಗೊತ್ತಿಲ್ಲ ಸಾರ್. ನಂಗೆ ಗೊತ್ತಲ್ಲ."

"ಶುಕ್ರವಾರ ಸಮಿತಿ ಇದೆ. ನಿನ್ನ ನೋಂದಣಿ, ನಿನ್ನ ಕೆಲಸ, ಎಲ್ಲಾ ಆ ನೆಟ್ಟನೆ ಗೆರೆ ಮೇಲೆ ನಿಂತಿದೆ. ಸತ್ಯ ಹರಿಶ್ಚಂದ್ರನ ಮೊಮ್ಮಗಳಾಗೋಕೆ ಇದು ಟೈಮಲ್ಲ."

ಇದನ್ನು ಹೇಳಿದವರು ಮೂವತ್ತು ವರ್ಷ ಮಕ್ಕಳಿಗೆ ಸಂಭವನೀಯತೆಯನ್ನು ಕಲಿಸಿದ ಗುರುಗಳು. ಲೆಕ್ಕದಲ್ಲಿ ತಪ್ಪಿದ ಹುಡುಗನ ಅಂಕ ಕತ್ತರಿಸಿದ ಕೈ ಅದೇ. ತಪ್ಪು ಲೆಕ್ಕಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದ ಕೈಯೂ ಅದೇ.

ಶುಕ್ರವಾರ ಉಮಾಮಹೇಶ್ವರಿ ಸಮಿತಿಯ ಮುಂದೆ ನಿಂತಳು. ನೆಟ್ಟನೆಯ ಗೆರೆಯನ್ನು ಪರದೆಯ ಮೇಲೆ ತೋರಿಸಿದಳು. ಜಯಪ್ರಕಾಶರ ಮುಖ ಅರಳಿತು.

"ಇದು ಸುಳ್ಳು," ಎಂದಳು ಅವಳು. "ಈ ಕಾಯಿಗಳನ್ನು ಬಿಡಿಸಿದ್ದು ನೀರಲ್ಲ, ಗಾಳಿಯಲ್ಲ. ಕಡಬದ ಜನ. ಮೊದಲ ವಾರದ್ದು ಮಾತ್ರ ಕೆರೆಯ ಮಾತು. ಅಷ್ಟರಿಂದ ಯಾವ ತೀರ್ಮಾನಕ್ಕೂ ಬರಲಾಗದು. ನನಗೆ ಇನ್ನೊಂದು ಕೆರೆ ಬೇಕು, ಇನ್ನೊಂದು ವರ್ಷ ಬೇಕು."

ಹೊರಗಿನಿಂದ ಬಂದಿದ್ದ ಸದಸ್ಯೆ ಡಾ. ಶಶಿರೇಖಾ ಕನ್ನಡಕ ತೆಗೆದರು. "ಜನ ಯಾಕಮ್ಮ ಬಿಡಿಸಿದ್ರು? ಅವ್ರಿಗೆ ಯಾರು ಹೇಳಿದ್ರು?"

ಸದಸ್ಯರೆಲ್ಲರ ಮುಂದೆಯೂ ವಿಭಾಗದ ವಾರ್ಷಿಕ ವರದಿಯಿತ್ತು. ಅದರ ರಕ್ಷಾಪುಟದ ತುಂಬ ಜಯಪ್ರಕಾಶರು ಕಾಯಿಗೆ ಕುಂಕುಮವಿಡುತ್ತ ನಗುತ್ತಿದ್ದರು. ಶಶಿರೇಖಾ ಅದನ್ನು ನೋಡಿದರು, ಜಯಪ್ರಕಾಶರನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಜಯಪ್ರಕಾಶರಿಗೆ ಕಡಿಮೆ ಅವಮಾನವಾಗುತ್ತಿತ್ತು.

ಒಂದು ವರ್ಷ ಸಿಕ್ಕಿತು. ಇದೇ ಕೊನೆಯೆಂಬ ಷರತ್ತಿನೊಂದಿಗೆ. ಕಾರಿಡಾರಿನಲ್ಲಿ ಜಯಪ್ರಕಾಶ್ ಅವಳನ್ನು ನೋಡದೆಯೇ ಹೇಳಿದರು: "ಮಾಡ್ಕೊಳಮ್ಮ. ಈ ಸಲ ಫೇಲಾದ್ರೆ ನನ್ನ ಹತ್ರ ಬರ್ಬೇಡ."

ಈಗ ಅವಳ ಕಾಯಿಗಳು ಕುಣಿಗಲ್ ದೊಡ್ಡಕೆರೆಯಲ್ಲಿವೆ. ಶಾಮಿಯಾನವಿಲ್ಲ, ಶಲ್ಯವಿಲ್ಲ, ಕುಂಕುಮವಿಲ್ಲ. ದೇವರ ಬಣ್ಣವೆನಿಸದಿರಲೆಂದು ಹಳದಿಯ ಬದಲು ನೀಲಿ ಬಳಿದಿದ್ದಾಳೆ. 'ಮುಟ್ಟಬೇಡಿ, ತಳ್ಳಬೇಡಿ' ಎಂದು ದಪ್ಪ ಅಕ್ಷರದಲ್ಲಿ ಫಲಕವನ್ನೂ ನೆಟ್ಟಿದ್ದಾಳೆ. ಕಾಯಿ ಬಿಟ್ಟ ಕೆಲವೇ ದಿನಗಳಲ್ಲಿ ಅವಳು ಏರಿಯ ಮೇಲೆ ನಡೆದುಬರುವಾಗ ಕಂಡದ್ದೇನು? ಬಿಳಿಯ ಶೂ ತೊಟ್ಟು ವಾಯುವಿಹಾರಕ್ಕೆ ಬಂದಿದ್ದ ಸಭ್ಯ ಗೃಹಸ್ಥರೊಬ್ಬರು ಅದೇ ಫಲಕದ ಕಂಬವನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಗ್ಗಿ, ಬಲಗೈಯ ಛತ್ರಿಯಿಂದ ನೀಲಿ ಕಾಯಿಯನ್ನು ಜೊಂಡಿನಿಂದ ಮೀಟುತ್ತಿದ್ದರು.

"ಸಾರ್! ಬೋರ್ಡ್ ಓದ್ಲಿಲ್ವಾ?"

"ಓದ್ದೆ ಮೇಡಂ. ಅದು ಬೇರೆಯೋರಿಗೆ ಅಲ್ವಾ? ಪಾಪ, ಸಿಕ್ಕಾಕ್ಕೊಂಡಿತ್ತು. ಬಿಡಿಸ್ದೆ."

ಅವರು ಛತ್ರಿಯ ನೀರು ಕೊಡವಿ, ಹಗುರವಾದ ಹೆಜ್ಜೆಯಲ್ಲಿ ಮುಂದೆ ನಡೆದರು. ಅವಳು ಆ ಕಾಯಿಯನ್ನು ಲೆಕ್ಕದಿಂದ ಕೈಬಿಟ್ಟಳು. ಹೀಗೆ ಕೈಬಿಡುತ್ತ ಹೋದರೆ ವರ್ಷದ ಕೊನೆಗೆ ಅವಳ ಬಳಿ ಉಳಿಯುವುದು ಫಲಕ ಮಾತ್ರ. ಇಡೀ ಕೆರೆಯನ್ನು ಅವಳೊಬ್ಬಳೇ ಕಾಯಲಾರಳು. ಗುಬ್ಬಿಯಲ್ಲಿ ಮಕ್ಕಳು ಪಾಠಕ್ಕೆ ಕಾದಿರುತ್ತಾರೆ.

ಆದ್ದರಿಂದ, ಕುಣಿಗಲ್ಲಿನ ಏರಿಯ ಮೇಲೆ ಓಡಾಡುವ ಓದುಗರೇ, ಫಲಕ ಇರುವುದು ನಿಮಗಾಗಿಯೇ. ಜೊಂಡಿನಲ್ಲಿ ನೀಲಿ ಕಾಯಿ ನಿಂತದ್ದು ಕಂಡರೆ ಕೋಲನ್ನೂ ಛತ್ರಿಯನ್ನೂ ಕನಿಕರವನ್ನೂ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆಯಿರಿ. ಪಕ್ಕದವರು ಬಗ್ಗಿದರೆ ಅವರ ಕೈ ಹಿಡಿದು ನಿಲ್ಲಿಸಿರಿ. ಅದು ತಾನಾಗಿ ಬಿಡಿಸಿಕೊಳ್ಳುವವರೆಗೆ, ಎಷ್ಟು ಕಾಲವಾದರೂ ಆಗಲಿ, ಅದನ್ನು ಅಲ್ಲಿಯೇ ಇರಗೊಡಿ.