ಗಂಗಾಧರಯ್ಯನ ಹಾಡಿನ ಪ್ಲೇಟುಗಳು

“ತೆಗಿಲಾ ಕೈಯ! ಅಪ್ಪನ ಪ್ಲೇಟು ಮಾರ್ಕಂಡು ಕುಡಿದ ಕೈಲಿ ಮಣ್ಣಾಕ್ತಿಯಾ?”

ಹಿಡಿಮಣ್ಣೆತ್ತಿಕೊಂಡು ಅಪ್ಪನನ್ನು ಇಳಿಸಿದ್ದ ಗುಂಡಿಯ ಅಂಚಿನಲ್ಲಿ ಬಗ್ಗಿದ್ದ ಕಲ್ಲೇಶನ ರಟ್ಟೆ ಹಿಡಿದು ಚಿಕ್ಕಪ್ಪ ಬಸವರಾಜಪ್ಪ ಹಿಂದಕ್ಕೆಳೆದ. ತೋಟದಲ್ಲಿ ನೆರೆದಿದ್ದ ಹಾಲ್ಕುರಿಕೆಯ ಅರ್ಧ ಊರು ನೋಡುತ್ತಿತ್ತು. ಎರಡು ದಿನದಿಂದ ಕಣ್ಣು ಮುಚ್ಚದ ಕಲ್ಲೇಶನಿಗೆ ಸಿಟ್ಟು ಕೂಡ ನೆಟ್ಟಗೆ ಬರಲಿಲ್ಲ. ಸಾವಿರ ಕಾಯಿ ಸುಲಿದ ಸಂಜೆಯ ಹಾಗೆ ಮೈ ಸೋತಿತ್ತು.

“ಎಂಥಾ ಗ್ರಾಮಫೋನ್ ಪ್ಲೇಟ್ ಕಣ್ರೀ ಅವು! ನನ್ ಮದ್ವೇಲಿ ಮೂರು ದಿನ ಹಾಡಿದ್ವು. ಒಂದ್ ಕರಕರ ಇಲ್ಲ,” ಎಂದ ಮುದುಕ ತಿಮ್ಮಯ್ಯ. “ಅಂಚು ಹಿಡೀಬೇಕು, ಗೆರೆ ಮುಟ್ಟಂಗಿಲ್ಲ. ಮುಟ್ಟಿದ್ರೆ ಹೊಡಿಯಕ್ಕೇ ಬರೋನು. ಪ್ಲೇಟ್ ಸಾಕಿದ್ರೆ ಗಂಗಾಧರಯ್ಯನೇ ಸಾಕ್ಬೇಕು.”

“ಅಂಥೋನ್ಗೆ ಇಂಥಾ ಮಗ,” ಎಂದಳು ನೆರೆಮನೆಯ ಭೈರಮ್ಮ.

ಬಸವರಾಜಪ್ಪ ಬಿಡಲಿಲ್ಲ. “ಎಲ್ಲಿ ಮಾರ್ದೆ, ಯಾರಿಗ್ ಮಾರ್ದೆ? ಹೆಣದ ಮುಂದೆ ಒಪ್ಕಂಡು ಮಣ್ಣಾಕು. ಇಲ್ಲಾಂದ್ರೆ ಮೊದಲ್ನೇ ಹಿಡಿ ನಂದು.”

*

ಮದುವೆಮನೆಗಳಿಗೆ ಕ್ಯಾಸೆಟ್ಟು ಬಂದ ಮೇಲೆ ಗಂಗಾಧರಯ್ಯನ ಬಾಡಿಗೆ ಮೈಕ್‌ಸೆಟ್ಟು ಕೇಳುವವರಿಲ್ಲದೆ ಮೂಲೆ ಸೇರಿತು. ಎರಡು ಮರದ ಪೆಟ್ಟಿಗೆ ತುಂಬ ಇದ್ದ ಪ್ಲೇಟುಗಳನ್ನು, ಗೆದ್ದಲಿಗೆ ಹೆದರಿ, ಅಟ್ಟಕ್ಕೇರಿಸಿದ. ಕೊಬ್ಬರಿಯಾಗಲೆಂದು ಹರವಿದ್ದ ಕಾಯಿಗಳ ನಡುವೆ.

“ವರ್ಷಗಟ್ಲೆ ಕಾಯಿ ಕೆಡದೆ ಇರೋ ಜಾಗ ಕಣ್ಲಾ. ಪ್ಲೇಟ್ ಕೆಡ್ತದಾ?” ಎಂದಿದ್ದ ಮಗನಿಗೆ.

ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು. ತೊಂಬತ್ತೇಳನೇ ಇಸವಿಯಲ್ಲಿ, ತಿಮ್ಮಯ್ಯ ಮೊಮ್ಮಗನ ನಾಮಕರಣಕ್ಕೆ ಹಳೇ ಹಾಡು ಬೇಕೆಂದಾಗ, ಅಪ್ಪ ಮಗ ಇಬ್ಬರೇ ಪೆಟ್ಟಿಗೆ ಇಳಿಸಿದರು. ಒಂದೊಂದು ಪ್ಲೇಟೂ ಹಪ್ಪಳದಂತೆ ಸೊಟ್ಟಗಾಗಿತ್ತು. ಮುಳ್ಳು ಇಟ್ಟರೆ ಎಗರಿ ಬೀಳುತ್ತಿತ್ತು. ಗಂಗಾಧರಯ್ಯ ಒಂದನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಒತ್ತಿ ಒತ್ತಿ ನೋಡಿದ. ಗೆರೆಯ ಮೇಲೆಲ್ಲ ಅವನದೇ ಬೆವರು.

“ಊರೋರಿಗೆ ಏನಂತ ಹೇಳ್ಲಿ ಕಲ್ಲೇಶ? ಗಂಗಾಧರ ಪ್ಲೇಟ್ನ ಕಾಯಿ ಜೊತೆ ಒಣಗಾಕ್ದ ಅಂತ ಸಾಯೋಗಂಟ ನಗ್ತಾರೆ.”

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಕಾಯಿ ಸುಲಿಯುತ್ತಿದ್ದ ಮಗನಿಗೆ ಊರಲ್ಲಿ ಕಳೆದುಕೊಳ್ಳುವ ಮರ್ಯಾದೆ ಹೆಚ್ಚೇನೂ ಇರಲಿಲ್ಲ. “ನಾನ್ ಮಾರ್ಕಂಡೆ ಅನ್ನು, ಬುಡು,” ಎಂದುಬಿಟ್ಟ. ಒಲೆ ಮುಂದೆ ಕೂತಿದ್ದ ತಾಯಿಯ ಹೊರತು ಇನ್ಯಾರಿಗೂ ಗೊತ್ತಾಗದಂತೆ ಪ್ಲೇಟುಗಳು ಹಾಳುಬಾವಿಗೆ ಬಿದ್ದವು.

ಏಳು ವರ್ಷ ಊರು ಉಗಿಯಿತು. ಒಂದು ದಿನ ಹೋಟೆಲಿನಲ್ಲಿ ಅಪ್ಪನೇ ಎಲ್ಲರೆದುರು, “ನನ್ ಮಗನೇ ಹಾಳ್ಮಾಡ್ದ” ಎಂದ. ಅವತ್ತು ಊಟಕ್ಕೆ ಕೂತಾಗ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಮಗನ ತಟ್ಟೆಗೆ ಹಾಕಿ, ತಲೆಯೆತ್ತದೆ ಉಂಡ.

*

“ಬಾಯ್ ಬುಡ್ಲಾ!” ಬಸವರಾಜಪ್ಪ ಗುಂಡಿಯ ಅಂಚಿನಲ್ಲಿ ಮತ್ತೆ ರಟ್ಟೆ ಜಗ್ಗಿದ.

“ಅವನಲ್ಲ ಕಣಪ್ಪ...” ತಾಯಿ ನಿಂಗಮ್ಮ ನೆಲಕ್ಕೆ ಕೈಯೂರಿ ಎದ್ದಳು. “ಆ ಪ್ಲೇಟು—”

“ಅವ್ವ.”

ಕಲ್ಲೇಶ ಅಷ್ಟೇ ಅಂದಿದ್ದು. ನಿಂಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ಗುಂಡಿಯೊಳಗೆ ಕೂರಿಸಿದ್ದ ಅಪ್ಪನನ್ನು ಕಲ್ಲೇಶ ಇನ್ನೊಮ್ಮೆ ನೋಡಿದ. ಅಪ್ಪ ಹೆದರಿದ್ದ ಆ ನಗು ಸುತ್ತ ನಿಂತವರಲ್ಲಿ ಒಬ್ಬರ ಮುಖದಲ್ಲೂ ಇರಲಿಲ್ಲ. ಮುಷ್ಟಿಯಲ್ಲಿದ್ದ ಮಣ್ಣನ್ನು ಚಿಕ್ಕಪ್ಪನ ಅಂಗೈಗೆ ಸುರಿದು ತಿರುಗಿದ.

“ನೋಡ್ರಪ್ಪ, ಹೆಂಗ್ ಹೋಯ್ತಾನೆ!” ಭೈರಮ್ಮ ಕೂಗಿದಳು.

ಬರಿಗಾಲಲ್ಲಿ ಒಣಗಿದ ಗರಿಗಳನ್ನು ತುಳಿಯುತ್ತ ಅವನು ತೆಂಗಿನ ಸಾಲು ಹಿಡಿದು ನಡೆದ. ಬೆನ್ನ ಹಿಂದೆ ಮೊದಲ ಹಿಡಿ ಬಿದ್ದ ಸದ್ದಿಗೆ ಒಂದು ಹೆಜ್ಜೆ ತಪ್ಪಿತು. ಕಾಲು ನಿಲ್ಲಲಿಲ್ಲ.